ಬೀಳಗಿಯ ಗೋಹರ್‌ಬಾಯಿ

ಬರಿಗಂಟಲಲ್ಲಿ ಹಾಡಿ ಹಿಂದಿನ ಬೆಂಚಿನವರಿಗೂ ಕೇಳಿಸುವುದು ಎಂಥ ಸಾಹಸ ಎಂದು ತಿಳಿಯಬೇಕಾದರೆ ನಮ್ಮ ದೊಡ್ಡನೆಕ್ಕುಂದಿಗೆ ಬರಬೇಕು. ಅತ್ತ ರಿಂಗ್ ರೋಡಿನ ಹಾರ್ನು, ಇತ್ತ ಎಚ್‌ಎಎಲ್ ಕಡೆಯಿಂದ ಏಳುವ ವಿಮಾನ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾದವರು ಆಳೆತ್ತರದ ಸ್ಪೀಕರ್ ಜೋಡಿಸಿದರೂ ಪಲ್ಲವಿ ಕೇಳಿದರೆ ಚರಣ ಕೇಳುವುದಿಲ್ಲ. ಯುರೋಪಿನ ಆಪೆರಾದಲ್ಲಿ ಮರಿಯಾ ಕಾಲಸ್‌ರಂಥ ಸೊಪ್ರಾನೊಗಳು ಮೈಕಿಲ್ಲದೆ, ಇಡೀ ವಾದ್ಯಮೇಳವನ್ನು ಮೀರಿ ಕೇಳಿಸುವಂತೆ ಹಾಡುತ್ತಿದ್ದರು, ಹಾಡುತ್ತಲೇ ಪಾತ್ರವಾಗುತ್ತಿದ್ದರು. ನಮ್ಮ ಕಂಪನಿ ನಾಟಕದವರದೂ ಅದೇ ಪಾಡು, ಅದೇ ಪದವಿ.

ಆದರೆ ಇಲ್ಲಿ ಬಹುಕಾಲ ನಾಯಕಿಯೇ ಗಂಡಸು. 1888ರಲ್ಲಿ ಹುಟ್ಟಿದ ಬಾಲಗಂಧರ್ವರು ಸೀರೆಯುಟ್ಟು ರಂಗಕ್ಕೆ ಬಂದರೆ ಮರಾಠಿ ನಾಡೇ ಮರುಳಾಗುತ್ತಿತ್ತು. ಅವರ ನಾಟಕ ಮಂಡಳಿಯಲ್ಲಿ ತಬಲಾಕ್ಕೆ ಅಹಮದ್‌ಜಾನ್ ತಿರಖ್ವಾ, ಸಾರಂಗಿಗೆ ಕಾದರ್ ಬಕ್ಷ್! ಅಂಥ ಮೇಳದ ಮುಂದೆ, 1930ರ ದಶಕದ ಕೊನೆಗೆ, ಗಂಧರ್ವರಿಗೆ ವಯಸ್ಸು ಇಳಿಯುತ್ತಿದ್ದಾಗ, ನಾಯಕಿಯಾಗಿ ನಿಂತಾಕೆ ನಮ್ಮ ಬೀಳಗಿಯ ಗೋಹರ್‌ಬಾಯಿ ಕರ್ನಾಟಕಿ. (ಕಲ್ಕತ್ತೆಯಿಂದ ಬಂದು 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೋಹರ್ ಜಾನ್ ಬೇರೆ. ಹೆಸರು ಒಂದೇ ಆದ್ದರಿಂದ ಕೆಲವರು ಇಬ್ಬರನ್ನೂ ಕಲಸಿಬಿಡುತ್ತಾರೆ.) ಗಂಧರ್ವರ ಗಾಯನಶೈಲಿಯನ್ನು ಗೋಹರ್‌ಬಾಯಿ ಆರಾಧಿಸಿ, ಅದೇ ಜಾಡಿನಲ್ಲಿ ಗಂಟಲನ್ನು ಪಳಗಿಸಿಕೊಂಡವರು. ಗಂಡಸೊಬ್ಬ ಹೆಣ್ಣಿಗಾಗಿ ಕಟ್ಟಿದ ಹಾಡುಗಾರಿಕೆ ಮತ್ತೆ ಹೆಣ್ಣಿನ ಕೊರಳಿಗೆ ಬಂದು ಸೇರಿತು. ಇದು ಅನುಕರಣೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಗುರುವಿನ ದಾರಿ ಹಿಡಿದವರನ್ನು ನಾವು ಘರಾನೆಯವರು ಎನ್ನುತ್ತೇವಲ್ಲ, ಈಕೆಗೆ ಮಾತ್ರ ಆ ಮರ್ಯಾದೆ ಯಾಕಿಲ್ಲ?

ಮುಂದೆ ಗಂಧರ್ವರೂ ಗೋಹರ್‌ಬಾಯಿಯೂ ಮದುವೆಯಾದರು. ಆಕೆ ಮುಸಲ್ಮಾನ ಹೆಣ್ಣುಮಗಳು, ಮೇಲಾಗಿ ಕನ್ನಡ ಸೀಮೆಯವಳು. ಗಂಧರ್ವರ ಸಾಲ, ಮಂಡಳಿಯ ಅವನತಿ, ಎಲ್ಲಕ್ಕೂ ರಸಿಕರು ಆಕೆಯನ್ನೇ ಹೊಣೆ ಮಾಡಿದರು. ಸಾಲವಾದರೋ ಆಕೆ ಕಾಲಿಡುವ ಎಷ್ಟೋ ಮೊದಲೇ ಬೆಳೆದಿತ್ತು! ಕಾಲು ಸೋತ ಗಂಡನ ಜೊತೆ ಕೊನೆಯವರೆಗೂ ಇದ್ದವರು ಈಕೆಯೇ. 1964ರಲ್ಲಿ ಆಕೆ, 1967ರಲ್ಲಿ ಅವರು ಹೋದರು.

ತಂಗಿ ಅಮೀರ್‌ಬಾಯಿಯ ಅದೃಷ್ಟ ಬೇರೆ. 1943ರ ‘ಕಿಸ್ಮತ್’ ಚಿತ್ರದಲ್ಲಿ ಆಕೆ ಹಾಡಿದ ಹಾಡುಗಳು ದೇಶದ ಬಾಯಲ್ಲಿ ನಿಂತವು, ವಿಜಯಪುರದಲ್ಲಿ ಆಕೆಯ ಹೆಸರಿನ ಟಾಕೀಸು ಎದ್ದಿತು, ರಹಮತ್ ತರೀಕೆರೆಯವರು ಆಕೆಯ ಮೇಲೆ ಪುಸ್ತಕವನ್ನೇ ಬರೆದರು. ಅದು ಸಲ್ಲಬೇಕಾದದ್ದೇ. ಅಕ್ಕನಿಗೆ ಮಾತ್ರ ‘ಬಾಲಗಂಧರ್ವರ ಎರಡನೆಯ ಹೆಂಡತಿ’ ಎಂಬ ಅರ್ಧ ಸಾಲು.

ನಮ್ಮ ಓಣಿಯಲ್ಲಿ ಉತ್ತರ ಕರ್ನಾಟಕದವರು ಬಹಳ ಮಂದಿ. ಗಾರೆ ಕೆಲಸದವರು, ಸೆಕ್ಯುರಿಟಿಯವರು, ಕಂಪ್ಯೂಟರಿನವರೂ. ಬೀಳಗಿ ಕಡೆಯವರು ಸಿಕ್ಕರೆ ಈ ಕತೆ ಹೇಳದೆ ಬಿಡುವುದಿಲ್ಲ. ಮುಂದಿನ ನವೆಂಬರಿಗೆ ಆರ್ಕೆಸ್ಟ್ರಾದ ಮೊದಲು ಗೋಹರ್‌ಬಾಯಿಯ ಒಂದು ಗ್ರಾಮಫೋನ್ ಪ್ಲೇಟಾದರೂ ಹಾಕಿಸಿ ಎಂದು ಸಂಘದ ಹುಡುಗರನ್ನು ಕೇಳಿಕೊಂಡಿದ್ದೇನೆ.