ಬಾವಿಯ ಮೇಲೆ ಈಸಿದ ಬೆಳಗು

ನಿಡಗುಂದಿಯಲ್ಲಿ ಬಸ್ ಇಳಿದಾಗ ಬೆಳಗಿನ ಐದೂವರೆ. ಮೇ ತಿಂಗಳು. ಹೊತ್ತೇರಿದರೆ 40 ಡಿಗ್ರಿ ದಾಟಿ ಎರೆನೆಲವೆಲ್ಲ ಕಾದ ಹಂಚಾಗುವ ಸೀಮೆ ಇದು. ಇಂಥ ಊರಿಗೆ ನಾನು ಈಸಲು ಬಂದಿದ್ದೆ. ಈಜು ಎಂಬುದು ನಮಗೆ ಪುಸ್ತಕದ ಮಾತು, ಈ ಕಡೆ ಬಾಯಲ್ಲಿರುವುದು ಈಸೂದು.

ಚಿಮ್ಮಲಗಿ ಕಡೆಯ ದಂಡೆಗೆ ಬಂದು ನಿಂತೆ. ಎದುರಿಗೆ ಕೃಷ್ಣೆಯ ಹಿನ್ನೀರು, ಆಚೆ ದಡ ಕಣ್ಣಿಗೆ ತೆಳು ಗೆರೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು; 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ನಡುವಿನ ನಾಲ್ಕು ದಶಕಗಳಲ್ಲಿ ಎಷ್ಟು ಊರುಗಳು ಗಂಟುಮೂಟೆ ಕಟ್ಟಿದವೋ! ತುಂಬಿದಾಗ 123 ಟಿಎಂಸಿ ನೀರು ಹಿಡಿಯುವ ಈ ಹೊಟ್ಟೆ ಬೇಸಿಗೆಯಲ್ಲಿ ಒಳಕ್ಕೆ ಸೇದಿಕೊಳ್ಳುತ್ತದೆ. ಆಗ ಅಡಗಿದ್ದುದೆಲ್ಲ ಮೇಲೆ ಬರುತ್ತದೆ. ಬಿರಿದ ಕರಿನೆಲ, ಅದರ ಬಿರುಕಿನಲ್ಲಿ ಸಿಕ್ಕಿಕೊಂಡ ಬಿಳಿ ಶಂಖದಹುಳದ ಚಿಪ್ಪುಗಳು, ಕಪ್ಪಿಟ್ಟ ಜಾಲಿ ಬೊಡ್ಡೆಗಳು. ಒಂದು ಕಡೆ ನಾಲ್ಕು ಮೂಲೆಗೂ ಸರಿಯಾಗಿ ಕೂತ ಕಲ್ಲಿನ ಸಾಲು. ಯಾರದೋ ಮನೆಯ ಅಡಿಪಾಯ. ಹೊಸ್ತಿಲಿನ ಕಲ್ಲು ನಡುವೆ ಸವೆದು ನುಣ್ಣಗಾಗಿತ್ತು. ಅದನ್ನು ತುಳಿಯಲು ಮನಸ್ಸಾಗದೆ ಸುತ್ತು ಹಾಕಿ ಹೋದೆ.

ನೀರಂಚಿನಲ್ಲಿ ಹಿರಿಯರೊಬ್ಬರು ಹರಗೋಲಿನಿಂದ ಬಲೆ ತೆಗೆಯುತ್ತಿದ್ದರು. ಬಿದಿರಿನ ದುಂಡು ಬುಟ್ಟಿ, ಅದರ ತಳಕ್ಕೆ ಡಾಂಬರು ಮೆತ್ತಿದ ಪ್ಲಾಸ್ಟಿಕ್ ಹಾಳೆ. ಬಂದ ಕಾರಣ ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲಿ ಕಲ್ತೀರಿ?"

"ಬೆಂಗಳೂರಾಗ, ಕಾಕಾ. ಈಜುಕೊಳದಾಗ."

"ಇದು ಕಟ್ಟಿದ ನೀರಲ್ರೀ, ಹೊಳಿ. ಒಂದ ಕಣ್ಣು ದಂಡಿ ಮ್ಯಾಲ ಇರ್ಲಿ. ಮೊಸಳಿನೂ ಅದಾವ. ನಾ ತೋರಿಸಿದಲ್ಲೇ ಇಳೀರಿ, ನಿಮ್ಮ ಬಾಜೂಕ ಹರಗೋಲ ತರ್ತೀನಿ."

ಮೊದಲ ಹತ್ತು ಹೆಜ್ಜೆ ರಾಡಿ. ಎರೆಮಣ್ಣು ಪಾದವನ್ನು ಹಿಡಿದು ಬಿಡಲೊಲ್ಲದು. ನೀರು ಎದೆಮಟ್ಟಕ್ಕೆ ಬಂದಾಗ ಕಾಲು ಕಿತ್ತು ಮೈಚಾಚಿದೆ. ಬೆಳಗಿನ ಗಾಳಿಗಿಂತ ನೀರೇ ಬೆಚ್ಚಗಿತ್ತು, ರಾತ್ರಿ ಒಲೆಯ ಮೇಲೆ ಬಿಟ್ಟ ಹಂಡೆಯ ಹಾಗೆ. ಕೊಳದಲ್ಲಿ ತಳದ ಕಪ್ಪು ಗೆರೆ ದಾರಿ ತೋರಿಸುತ್ತದೆ. ಇಲ್ಲಿ ಕಣ್ಣು ತೆರೆದರೆ ಹಸಿರುಗಂದು ಮಬ್ಬು, ಚಾಚಿದ ನನ್ನ ಬೆರಳೇ ಮಸುಕು. ಹತ್ತು ಕೈ ಬೀಸಿದಾಗೊಮ್ಮೆ ತಲೆ ಎತ್ತಿ ದೂರದ ಒಂಟಿ ಜಾಲಿ ಬೊಡ್ಡೆಯನ್ನು ಗುರಿ ಹಿಡಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಿಂದ ಆರಂಭವಾದ 10 ಕಿಲೋಮೀಟರ್ ತೆರೆದ ನೀರಿನ ಸ್ಪರ್ಧೆಯಲ್ಲೂ ಈಜುಗಾರರು ಮಾಡುವುದು ಇದನ್ನೇ. 1958ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಮಿಹಿರ್ ಸೇನ್, ಮರುವರ್ಷ ದಾಟಿದ ಆರತಿ ಸಾಹಾ ಕೂಡ ಹೀಗೇ ತಲೆ ಎತ್ತೆತ್ತಿ ದಡ ಹುಡುಕಿರಬೇಕು. "ಒಂದ ಕಣ್ಣು ದಂಡಿ ಮ್ಯಾಲ" ಎಂದು ಕಾಕಾ ಅಂದದ್ದರಲ್ಲಿ ಆ ವಿದ್ಯೆಯೆಲ್ಲ ಇತ್ತು.

ದಣಿವಾಯಿತೆಂದು ನೆಟ್ಟಗೆ ನಿಂತು ತೇಲಿದೆ. ಮೊಣಕಾಲಿನಿಂದ ಕೆಳಗೆ ಛಳ್ಳನೆ ತಂಪು! ಎದೆಗೆ ಬೇಸಿಗೆ, ಪಾದಕ್ಕೆ ಚಳಿಗಾಲ. ಬಿಸಿಲು ಕಾಯಿಸಿದ ನೀರು ಹಗುರಾಗಿ ಮೇಲೆಯೇ ಉಳಿಯುತ್ತದೆ, ಭಾರದ ತಣ್ಣೀರು ಅಡಿ ಹಿಡಿಯುತ್ತದೆ. ಗಾಳಿ ಬಲವಾಗಿ ಕಲಕದ ಹೊರತು ಎರಡೂ ಬೆರೆಯುವುದಿಲ್ಲ. ಓದಿ ತಿಳಿದ ಈ ಸಂಗತಿ ಅವತ್ತು ಮೈಗೇ ತಿಳಿಯಿತು. ಕಾಲನ್ನು ಮೇಲೆ ಕೆಳಗೆ ಆಡಿಸುತ್ತ ಬಹಳ ಹೊತ್ತು ಅಲ್ಲೇ ಇದ್ದೆ.

ಹರಗೋಲು ಮೆಲ್ಲಗೆ ತಿರುಗುತ್ತ ಹತ್ತಿರ ಬಂತು. ಕಾಕಾ ಹುಟ್ಟು ಹಾಕುವುದನ್ನು ನಿಲ್ಲಿಸಿದರು.

"ನೀವೀಗ ನಮ್ಮಪ್ಪನ ಹೊಲದ ಮ್ಯಾಲ ಅದೀರಿ. ಇಲ್ಲೇ ಅಡ್ಯಾಗ ಬಾವಿ ಐತಿ, ಕಲ್ಲ ಕಟ್ಟಿದ್ದು. ಸೊಂಟಕ್ಕ ಬೆಂಡು ಕಟ್ಟಿ ನಮ್ಮಪ್ಪ ನನ್ನ ಅದ್ರಾಗ ದೂಡಿದ್ದ. ನಾ ಈಸಾಕ ಕಲ್ತದ್ದು ಅಲ್ಲೇ."

ನನ್ನ ಕೈಕಾಲು ತಮ್ಮಷ್ಟಕ್ಕೆ ನಿಧಾನವಾದವು. ನೀರಿನೊಳಗೊಂದು ಬಾವಿ! ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಹಗ್ಗದ ಮೇಲೆ ಹಗ್ಗ ಗಂಟು ಹಾಕುತ್ತಿದ್ದ ಬಾವಿಯ ಬಾಯಿ ಈಗ ನನ್ನ ಪಾದದ ಕೆಳಗೆಲ್ಲೋ ಇದೆ. ಅದರ ಮೆಟ್ಟಿಲ ಮೇಲೆ ಮೀನು ಓಡಾಡುತ್ತಿವೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಷ್ಟೇ ಕಾಣುವ ಈ ಸೀಮೆಯಲ್ಲಿ ಇಷ್ಟು ನೀರಿಗೆ ಎಷ್ಟೋ ಹೊಲಗಳ ಬಾಯಾರಿಕೆ ಇಂಗಿದೆ. ಆ ನೀರಿಗಾಗಿ ಈ ಹೊಲ ಹೋಗಿದೆ. ಕಾಕಾ ಅವರ ಮುಖದಲ್ಲಿ ದೂರು ಕಾಣಲಿಲ್ಲ. ಬಗ್ಗಿ ಅಂಗೈಯಲ್ಲಿ ನೀರು ಮೊಗೆದು, ಕಣ್ಣಿಗೆ ಹಚ್ಚಿಕೊಂಡರು.

ಏಳೂವರೆಗೆಲ್ಲ ಬಿಸಿಲು ನೆತ್ತಿ ಸುಡತೊಡಗಿತು. ದಂಡೆಗೆ ಮರಳುವಾಗ ಆಳವಿಲ್ಲದ ಕಡೆ ರಾಜಹಂಸಗಳ ಸಣ್ಣದೊಂದು ಗುಂಪು ತಲೆ ಕೆಳಗೆ ಮಾಡಿ ರಾಡಿ ಸೋಸುತ್ತಿತ್ತು. ನಾವು ದೂರದಿಂದಲೇ ಬಳಸಿ ಬಂದೆವು.

ಜೂನ್‌ನಲ್ಲಿ ಈ ಹೊಳೆ ಹುಟ್ಟುವ ಮಹಾಬಳೇಶ್ವರದ ಕಡೆ ಮಳೆ ಹಿಡಿಯುತ್ತದೆ. ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರುತ್ತದೆ. ಆ ಹೊಸ್ತಿಲ ಕಲ್ಲು ಮತ್ತೆ ನೀರಿಗೆ ಇಳಿಯುತ್ತದೆ. ನೋಡುವ ಆಸೆಯಿದ್ದರೆ ಅದಕ್ಕೆ ಮುಂಚೆ ಹೋಗಿ ಬನ್ನಿ. ಅಣೆಕಟ್ಟಿನ ಹತ್ತಿರ ಮಾತ್ರ ಸುಳಿಯಬೇಡಿ, ಒಬ್ಬರೇ ಇಳಿಯಬೇಡಿ, ದಂಡೆಯ ಮೀನುಗಾರರನ್ನು ಕೇಳದೆ ಆ ನೀರಿಗೆ ಕಾಲಿಡಬೇಡಿ.