ಮಾರ್ಚ್ 31ರ ಕಿರ್ದಿ

ನೀವು ಕೇಳಿದಿರಿ ಅಂತ ಹೇಳುತ್ತೇನೆ. ಡೇಟಾಬೇಸ್ ಕೆಲಸದವರ ಬಳಿ ನಾಲ್ಕು ಜನರ ಮುಂದೆ ಹೇಳುವಂಥ ಕಥೆಗಳು ಕಡಿಮೆ. ಇರುವವೂ ಹೆಚ್ಚಾಗಿ ನಡುರಾತ್ರಿಯವು. ಇದು ಮಾತ್ರ ಹಗಲಿರುವಾಗಲೇ ಶುರುವಾದದ್ದು.

2012ರ ಮಾರ್ಚ್ 31, ಶನಿವಾರ. ಯುಗಾದಿಗೆ ಊರಿಗೆ ಬಂದವನು ಮರುದಿನ ಬೆಂಗಳೂರಿನ ಬಸ್ಸು ಹತ್ತುವವನಿದ್ದೆ. ಸಂಜೆ ನಾಲ್ಕೂವರೆಯ ಹೊತ್ತಿಗೆ ನಮ್ಮೂರ ಪತ್ತಿನ ಸಹಕಾರಿ ಸಂಘದ ಹುಡುಗನೊಬ್ಬ ಬೈಕಿನಲ್ಲಿ ಬಂದು, "ಸೆಕ್ರೆಟರಿಯವರು ಕರೀತಿದಾರೆ, ಕಂಪ್ಯೂಟರು ದುಡ್ಡು ತಗೊಳ್ತಾ ಇಲ್ಲ" ಅಂದ. ನಾನು ಮಾಡುವ ಕೆಲಸ ಏನೆಂದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಕಂಪ್ಯೂಟರಿಗೆ ಸಂಬಂಧಪಟ್ಟದ್ದು ಎನ್ನುವುದು ಗೊತ್ತಿತ್ತು.

ಸಂಘದೊಳಗೆ ಕಾಲಿಡಲು ಜಾಗವಿರಲಿಲ್ಲ. ವರ್ಷದ ಕೊನೆಯ ದಿನ. ಗಡುವಿನೊಳಗೆ ಅಸಲು ಕಟ್ಟದಿದ್ದರೆ ಬೆಳೆ ಸಾಲದ ಬಡ್ಡಿ ರಿಯಾಯಿತಿ ಹೋಯಿತು. ಅಡಿಕೆ ಮಾರಿದ ದುಡ್ಡನ್ನು ರುಮಾಲಿನಲ್ಲಿ ಕಟ್ಟಿಕೊಂಡು ಬಂದವರು ಕೌಂಟರಿನ ಮುಂದೆ ಸಾಲುಗಟ್ಟಿದ್ದರು. ಪರದೆಯ ಮೇಲೆ ಅವರ ಬಾಕಿ ಎಷ್ಟೆಂದು ಕಾಣುತ್ತಿತ್ತು, ಜಮಾ ಮಾಡಲು ಹೋದರೆ ಮಾತ್ರ ಕೆಂಪು ಅಕ್ಷರ. ಕಣಗಿನಹಾಳದಲ್ಲಿ 1905ರಲ್ಲಿ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಫೋಟೋ ಕೆಳಗೆ ಸೆಕ್ರೆಟರಿಯವರು ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ರಸೀದಿ ಬರೆಯುತ್ತಿದ್ದರು. ನನ್ನನ್ನು ಕಂಡದ್ದೇ, "ಬಾ ತಮ್ಮಾ, ನಾನು ಬರೀತಾ ಇರ್ತೇನೆ, ನೀನು ಒಳಗೆ ನೋಡು" ಅಂದರು. ಗಾಬರಿಯೇ ಇಲ್ಲದ ಮನುಷ್ಯ.

ಸರ್ವರ್ ಇದ್ದದ್ದು ಗೊಬ್ಬರದ ಗೋದಾಮಿಗೆ ತಾಗಿದ ಕೋಣೆಯಲ್ಲಿ. ಯೂರಿಯಾ ವಾಸನೆ, ಫ್ಯಾನಿನ ಸದ್ದು, ಕೀಬೋರ್ಡಿನ ಸಂದಿಯಲ್ಲೆಲ್ಲ ಬಿಳಿ ಪುಡಿ. ಎಸ್‌ಕ್ಯೂಎಲ್ ಸರ್ವರ್ 2008 ಆರ್2. ಎರರ್ ನಂಬರ್ 9002: ಟ್ರಾನ್ಸಾಕ್ಷನ್ ಲಾಗ್ ತುಂಬಿದೆ. ಆಪರೇಟರ್ ಹುಡುಗ ಹೆಗಲ ಮೇಲೆ ಫೋನ್ ಸಿಕ್ಕಿಸಿಕೊಂಡು, ಸಾಫ್ಟ್‌ವೇರ್ ಮಾರಿದ ಕಂಪನಿಯವರು ಹೇಳಿದ್ದನ್ನು ಅಕ್ಷರಶಃ ಪಾಲಿಸುವ ತಯಾರಿಯಲ್ಲಿದ್ದ. "ಸರ್ವಿಸ್ ನಿಲ್ಲಿಸಿ ಲಾಗ್‌ನ ಎಲ್‌ಡಿಎಫ್ ಫೈಲ್ ಡಿಲೀಟ್ ಮಾಡಬೇಕಂತೆ ಅಣ್ಣ, ಹೊಸದು ತಾನೇ ಹುಟ್ಟಿಕೊಳ್ಳುತ್ತಂತೆ."

ಮೌಸ್ ಬಿಡು ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು, ಸೆಕ್ರೆಟರಿಯವರು ಎದ್ದು ಬಂದರು. ಅವರಿಗೆ ಹೇಳಲು ಹೆಚ್ಚು ಕಷ್ಟವಾಗಲಿಲ್ಲ. ಡೇಟಾಬೇಸ್ ಯಾವ ಬದಲಾವಣೆಯನ್ನೇ ಮಾಡಲಿ, ಮೊದಲು ಲಾಗ್‌ನಲ್ಲಿ ಬರೆದಿಡುತ್ತದೆ. ಮೂಲ ಫೈಲಿಗೆ ಹೋಗುವುದು ಆಮೇಲೆ, ತನ್ನ ಪುರುಸೊತ್ತಿನಲ್ಲಿ. ನಡುವೆ ಕರೆಂಟ್ ಹೋದರೆ ಲಾಗ್ ಓದಿ, ಮುಗಿದ ವ್ಯವಹಾರವನ್ನು ಪೂರ್ತಿ ಮಾಡುತ್ತದೆ, ಅರ್ಧಕ್ಕೆ ನಿಂತದ್ದನ್ನು ಅಳಿಸುತ್ತದೆ. ಈ ವಿದ್ಯೆಗೆ ಪಕ್ಕಾ ಶಾಸ್ತ್ರ ಬರೆದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮುಖ್ಯರು, ಅವರೂ ಸಂಗಡಿಗರೂ 1992ರಲ್ಲಿ ಪ್ರಕಟಿಸಿದ ಏರೀಸ್ ಪ್ರಬಂಧದ ಋಣ ಎಸ್‌ಕ್ಯೂಎಲ್ ಸರ್ವರ್ ಮೇಲೂ ಇದೆ. ಇದನ್ನೆಲ್ಲ ಆಗ ಹೇಳಲಿಲ್ಲ ಬಿಡಿ. ಸೆಕ್ರೆಟರಿಯವರು ಅರ್ಧದಲ್ಲೇ ನನ್ನ ಮಾತು ತಡೆದು, "ಅಂದರೆ ಇದು ಕಿರ್ದಿ, ಅದು ಖಾತೆ" ಅಂದರು. ಹೌದು ಅಂದೆ. ಅವರು ಫೋನಿನ ಕಡೆ ನೋಡಿ, "ಮಾರ್ಚ್ 31ಕ್ಕೆ ಕಿರ್ದಿ ಹರಿದು ಹಾಕಿ ಅಂದನಾ ಅವನು?" ಅಂತ ಕೇಳಿದರು. ಫೋನ್ ಆ ಕಡೆಯಿಂದ ಕಟ್ಟಾಯಿತು.

ಹುಡುಗನದು ಬೇರೆ ತಕರಾರು. "ಡಿ ಡ್ರೈವ್‌ನಲ್ಲಿ ಇನ್ನೂ 7 ಜಿಬಿ ಉಂಟಲ್ಲ, ಜಾಗ ಇಲ್ಲ ಅಂತ ಯಾಕೆ ಹೇಳ್ತದೆ?" ಒಳ್ಳೆಯ ಪ್ರಶ್ನೆ. ಲಾಗ್ ಫೈಲ್ 92 ಜಿಬಿಗೆ ಬೆಳೆದಿತ್ತು. ಡೇಟಾ ಇದ್ದದ್ದು ಬರೀ 11 ಜಿಬಿ. ಆ ಕಾಲದ ಆವೃತ್ತಿಗಳಲ್ಲಿ ಯಾರೂ ಬದಲಿಸದಿದ್ದರೆ ಲಾಗ್ ಬೆಳೆಯುವುದು ಶೇಕಡಾ ಹತ್ತರ ಲೆಕ್ಕದಲ್ಲಿ. 92ಕ್ಕೆ ಹತ್ತು ಪರ್ಸೆಂಟ್ ಅಂದರೆ ಒಂದೇ ಸಲಕ್ಕೆ 9 ಜಿಬಿಗೂ ಹೆಚ್ಚು ಬೇಕು. ಇರುವ ಏಳನ್ನು ಅದು ಮುಟ್ಟುವುದೂ ಇಲ್ಲ. ಹಿಂದಿನ ವಾರ ಹುಡುಗ ಹಳೆಯ ಬ್ಯಾಕಪ್‌ಗಳನ್ನೆಲ್ಲ ಅಳಿಸಿ ಜಾಗ ಮಾಡಿದ್ದನಂತೆ. ಅದನ್ನೂ ಲಾಗ್ ನುಂಗಿ ಕೂತಿತ್ತು.

ಜಾಗ ಸಾಲದು ಎಂದಾಗ ಎಲ್ಲರ ಕೈ ಮೊದಲು ಹೋಗುವುದು ಅಳಿಸುವ ಕಡೆಗೆ. ಲಾಗ್ ಯಾಕೆ ಖಾಲಿಯಾಗುತ್ತಿಲ್ಲ ಎಂದು ಡೇಟಾಬೇಸನ್ನೇ ಕೇಳಬಹುದು, ಅದು ಒಂದೇ ಪದದಲ್ಲಿ ಉತ್ತರ ಕೊಡುತ್ತದೆ ಎನ್ನುವುದು ಈ ಕಸುಬಿನಲ್ಲಿ ಇರುವವರಿಗೇ ಎಷ್ಟೋ ಸಲ ನೆನಪಾಗುವುದಿಲ್ಲ. ಸಿಸ್ ಡಾಟ್ ಡೇಟಾಬೇಸಸ್‌ನಲ್ಲಿ 'ಲಾಗ್ ರೀಯೂಸ್ ವೇಟ್' ಅಂತ ಒಂದು ಕಾಲಂ ಇದೆ. ನೋಡಿದೆ. ಉತ್ತರ: ಲಾಗ್ ಬ್ಯಾಕಪ್. ಸಂಘದಲ್ಲಿ ಪ್ರತಿ ರಾತ್ರಿ ಫುಲ್ ಬ್ಯಾಕಪ್ ತಪ್ಪದೆ ನಡೆಯುತ್ತಿತ್ತು, ಆದರೆ ಫುಲ್ ರಿಕವರಿ ಮಾಡೆಲ್‌ನಲ್ಲಿರುವ ಡೇಟಾಬೇಸಿಗೆ ಅದು ಸಾಲದು. ಫುಲ್ ಬ್ಯಾಕಪ್ ಲಾಗ್‌ನ ಒಂದು ಸಾಲನ್ನೂ ಬಿಡಿಸುವುದಿಲ್ಲ. ಲಾಗ್‌ನದೇ ಬ್ಯಾಕಪ್ ಬೇರೆ ತೆಗೆಯಬೇಕು. ಸಾಫ್ಟ್‌ವೇರ್ ಹಾಕಿದ ದಿನದಿಂದ ಒಮ್ಮೆಯೂ ತೆಗೆದಿರಲಿಲ್ಲ. ಸಾಲದ್ದಕ್ಕೆ ಪ್ರತಿ ಭಾನುವಾರ ಇಂಡೆಕ್ಸ್ ಎಲ್ಲ ಹೊಸದಾಗಿ ಕಟ್ಟುವ ಏರ್ಪಾಡು. ಅದರ ಪುಟಪುಟವೂ ಲಾಗ್‌ಗೇ.

ಸಿಂಪಲ್ ಮಾಡೆಲ್‌ಗೆ ಬದಲಿಸಿಬಿಟ್ಟರೆ ಬ್ಯಾಕಪ್ ಇಲ್ಲದೆಯೇ ಲಾಗ್ ಖಾಲಿಯಾಗುತ್ತದೆ, ಎರಡು ನಿಮಿಷದ ಕೆಲಸ. ಹೊರಗೆ ಜನ ಅಷ್ಟಿರುವಾಗ ಆಸೆಯಾಗುತ್ತದೆ. ಆದರೆ ಆ ದಿನ ಬೆಳಿಗ್ಗೆಯಿಂದ ಕಟ್ಟಿದ ದುಡ್ಡಿನ ದಾಖಲೆ ಹಿಂದಿನ ರಾತ್ರಿಯ ಬ್ಯಾಕಪ್‌ನಲ್ಲಿ ಇಲ್ಲ. ಡಿಸ್ಕ್ ಕೈಕೊಟ್ಟರೆ ಅದನ್ನು ಮರಳಿ ಪಡೆಯಲು ಇರುವುದು ಈ ಲಾಗ್ ಒಂದೇ. ಹಾಗಾಗಿ ಮೊದಲು ಸಿ ಡ್ರೈವ್‌ನಲ್ಲಿ 4 ಜಿಬಿಯ ಎರಡನೇ ಲಾಗ್ ಫೈಲ್ ಸೇರಿಸಿದೆ. ಒಳಗೆಲ್ಲ ಸೊನ್ನೆ ತುಂಬಿ ಮುಗಿಯುವ ತನಕ ತುಸು ಕಾದದ್ದಾಯಿತು. ಅಷ್ಟರಲ್ಲಿ ಹೊರಗಿನಿಂದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕರಕರ ಕೇಳಿಸಿತು. ದುಡ್ಡು ಜಮಾ ಆಗುತ್ತಿತ್ತು.

ಇನ್ನು ಲಾಗ್ ಬ್ಯಾಕಪ್. 92 ಜಿಬಿ ಇಡುವುದೆಲ್ಲಿ? ಆ ಊರಲ್ಲಿ ಅಷ್ಟು ಖಾಲಿ ಜಾಗ ಇರುವುದು ಒಂದೇ ಕಡೆ: ಎದುರಿನ ಫೋಟೋ ಸ್ಟುಡಿಯೊದಲ್ಲಿ. ಮದುವೆ ವಿಡಿಯೊಗಳ ನಡುವೆ ಜಾಗವಿದ್ದ ಒಂದು ಟಿಬಿಯ ಡಿಸ್ಕನ್ನು ಸ್ಟುಡಿಯೊದವರು ಕೊಟ್ಟರು, "ಶೆಟ್ಟರ ಮಗಳ ಧಾರೆ ಮಾತ್ರ ಅಳಿಸಬೇಡಿ ಮಾರಾಯ್ರೇ" ಅನ್ನುವ ಷರತ್ತಿನ ಮೇಲೆ. ಯುಎಸ್‌ಬಿ ವೇಗಕ್ಕೆ ಸುಮಾರು ಒಂದು ಗಂಟೆ ಹಿಡಿಯಿತು. ಮಧ್ಯೆ ಕರೆಂಟ್ ಹೋಯಿತು. ಯುಪಿಎಸ್ ಕಿರುಚತೊಡಗಿದಾಗ ಪ್ಯೂನ್ ಓಡಿ ಜನರೇಟರ್ ಹಾಕಿದ.

ಬ್ಯಾಕಪ್ ಮುಗಿದಾಗ ಲಾಗ್‌ನ ಒಳಗೆ ಬಹುಪಾಲು ಖಾಲಿ, ಫೈಲ್ ಮಾತ್ರ 92 ಜಿಬಿಯೇ. ಲಾಗ್ ಬರಿದಾದ ಮಾತ್ರಕ್ಕೆ ಡಿಸ್ಕಿಗೆ ಜಾಗ ವಾಪಸ್ ಬರುವುದಿಲ್ಲ, ಕೈಯಿಂದ ಕುಗ್ಗಿಸಬೇಕು. ನಮಗೆ ಜಾಗ ಬೇಕೇ ಬೇಕಿತ್ತು: ವರ್ಷಾಂತ್ಯದ ಬಡ್ಡಿ ಹಾಕುವ ಮೊದಲು ಆ ಸಾಫ್ಟ್‌ವೇರ್ ತಾನೇ ಒಂದು ಬ್ಯಾಕಪ್ ಡಿ ಡ್ರೈವ್‌ಗೆ ಬರೆಯುತ್ತಿತ್ತು, ಅದಕ್ಕೇ 10 ಜಿಬಿ. ಶ್ರಿಂಕ್ ಫೈಲ್ ಕೊಟ್ಟೆ. ಜಪ್ಪಯ್ಯ ಅಂದರೂ ಕುಗ್ಗಲಿಲ್ಲ. ಲಾಗ್ ಕುಗ್ಗುವುದು ಬಾಲದ ಕಡೆಯಿಂದ, ಅಲ್ಲೇ ಮುಗಿಯದ ವ್ಯವಹಾರವೊಂದು ಕೂತಿದ್ದರೆ ಅಲುಗಾಡುವುದಿಲ್ಲ. ಮತ್ತೆ ಅದೇ ಕಾಲಂ ನೋಡಿದೆ. ಈಗಿನ ಉತ್ತರ: ಆ್ಯಕ್ಟಿವ್ ಟ್ರಾನ್ಸಾಕ್ಷನ್. ಡಿಬಿಸಿಸಿ ಓಪನ್‌ಟ್ರಾನ್ ಹೇಳಿದ್ದು ಮಧ್ಯಾಹ್ನ ಎರಡೂವರೆಗೆ ಶುರುವಾದ ಒಂದು ಸೆಷನ್. ಮಷಿನಿನ ಹೆಸರು ಕೌಂಟರ್ 3.

ಕೌಂಟರ್ ಮೂರು ಪಿಗ್ಮಿಯದು. ಕುರ್ಚಿ ಖಾಲಿ, ಮಾನಿಟರ್ ಆಫ್, ಮೇಲೊಂದು ಟವೆಲ್ ಹೊದೆಸಿತ್ತು. ಟವೆಲ್ ತೆಗೆದು ಮಾನಿಟರ್ ಹಾಕಿದರೆ ನಡುಮಧ್ಯೆ ಒಂದು ಪುಟ್ಟ ಪೆಟ್ಟಿಗೆ: ಪಿಗ್ಮಿ ಮಷಿನ್‌ನ ಒಂದು ಖಾತೆ ನಂಬರ್ ಹೊಂದುತ್ತಿಲ್ಲ, ಮುಂದುವರಿಸಲೇ? ಹೌದು, ಇಲ್ಲ. ವ್ಯವಹಾರ ತೆರೆದಿಟ್ಟು ಮನುಷ್ಯನ ಉತ್ತರಕ್ಕೆ ಕಾಯುವಂತೆ ಪ್ರೋಗ್ರಾಂ ಬರೆದವನ ಬಗ್ಗೆ ನನಗೆ ಅನಿಸಿದ್ದನ್ನು ಇಲ್ಲಿ ಹೇಳುವಂತಿಲ್ಲ, ಮಕ್ಕಳಿದ್ದಾರೆ. ಕ್ಲರ್ಕಿಗೆ ಫೋನ್ ಮಾಡಿದರೆ, "ಅದಾ? ಅದು ದಿನಾ ಬರ್ತದೆ ಸರ್. ಸೆಕ್ರೆಟರಿಯವರನ್ನು ಕೇಳುವ ಅಂತಿದ್ದೆ, ಅವರು ರಸೀದಿ ಬರೀತಿದ್ದರಲ್ಲ, ಯಾಕೆ ತೊಂದರೆ ಅಂತ ಬಂದುಬಿಟ್ಟೆ" ಅಂದರು.

ಸೆಷನ್ ಕಿಲ್ ಮಾಡುವುದು ನನ್ನ ಕೈಯಲ್ಲಿತ್ತು, ಆದರೆ ದುಡ್ಡು ನನ್ನದಲ್ಲ. ಸೆಕ್ರೆಟರಿಯವರು ಏಜೆಂಟನ ಚೀಟಿ ತರಿಸಿ, ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ಒಂದೊಂದೇ ಸಾಲು ನೋಡಿದರು. ನಂಬರಿನಲ್ಲಿ 6 ಮತ್ತು 9 ಅದಲುಬದಲಾಗಿತ್ತು. "ಇಲ್ಲ" ಒತ್ತಿದರು, ಸರಿ ಮಾಡಿಸಿ ಮತ್ತೆ ಮಷಿನ್ ಕೂರಿಸಿದರು. ಇನ್ನೊಂದು ಸಲ ಲಾಗ್ ಬ್ಯಾಕಪ್ ತೆಗೆದೆ, ಈಗ ಕ್ಷಣದ ಕೆಲಸ. ಶ್ರಿಂಕ್ ಕೊಟ್ಟೆ, 92 ಇದ್ದದ್ದು 4 ಜಿಬಿಗೆ ಇಳಿಯಿತು. ಸಿ ಡ್ರೈವ್‌ನ ಫೈಲನ್ನು ತೆಗೆದುಹಾಕಿ, ಲಾಗ್ ಬೆಳೆಯುವ ಲೆಕ್ಕವನ್ನು ಪರ್ಸೆಂಟ್ ಬಿಟ್ಟು 512 ಎಂಬಿಗೆ ನಿಗದಿ ಮಾಡಿ, ಅರ್ಧ ಗಂಟೆಗೊಮ್ಮೆ ಲಾಗ್ ಬ್ಯಾಕಪ್ ಆಗುವಂತೆ ಜಾಬ್ ಹಾಕಿದೆ. ಬಡ್ಡಿ ಹಾಕಿ ಮುಗಿಯುವಾಗ ರಾತ್ರಿ ಒಂದು ದಾಟಿತ್ತು. ಕೈಯಲ್ಲಿ ಬರೆದ ರಸೀದಿಗಳನ್ನೆಲ್ಲ ಏರಿಸಿದ ಮೇಲೆ ತಾಳೆ ನೋಡಿದರು, ಪೈಸೆ ವ್ಯತ್ಯಾಸವಿರಲಿಲ್ಲ.

ಪೆಟ್ಟಿಗೆಯ ವಿಷಯ ಕಂಪನಿಗೆ ಬರೆದು ಹಾಕಿದೆವು. ಮುಂದಿನ ಆವೃತ್ತಿಯಲ್ಲಿ ಅದರ ಬಣ್ಣ ಬದಲಾಯಿತಷ್ಟೆ. ಸೆಕ್ರೆಟರಿಯವರು ಕೌಂಟರ್ ಮೂರರ ಮಾನಿಟರಿಗೆ ತಮ್ಮ ಗುಂಡು ಅಕ್ಷರದಲ್ಲಿ ಬರೆದ ಚೀಟಿ ಅಂಟಿಸಿದರು: "ಪ್ರಶ್ನೆ ಕೇಳಿದಾಗ ಉತ್ತರ ಕೊಡದೆ ಯಾರೂ ಮನೆಗೆ ಹೋಗತಕ್ಕದ್ದಲ್ಲ." ಕೆಳಗೆ ಸಹಿ, ಸಂಘದ ಮೊಹರು.