ಚಿಗರಿ ಓಡುವ ಹಾದಿ

ನಮ್ಮೂರಿನ ಹೆಸರಿನಲ್ಲಿಯೇ ಸಂತೆ ಇದೆ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯೆಂದರೆ ಹೊರಗಿನವರಿಗೆ ಅಷ್ಟಾಗಿ ಗುರುತಿರಲಾರದು. ಹೊಯ್ಸಳರ ಕಾಲದ ಮಹಾಲಿಂಗೇಶ್ವರನ ಗುಡಿಯನ್ನು ಹುಡುಕಿಕೊಂಡು ಎಂದಾದರೊಮ್ಮೆ ಯಾರಾದರೂ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಆದರೆ ಸುತ್ತಿನ ಹಳ್ಳಿಗಳವರಿಗೆ ಅದು ಹೋಬಳಿಯ ಊರು, ವ್ಯವಹಾರದ ಊರು. ನಾನು ಹುಡುಗನಾಗಿದ್ದಾಗ ಸಂತೆಯ ದಿನ ರಸ್ತೆ ಯಾರದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಸೊಪ್ಪಿನ ಮಂಕರಿ, ಮೆಣಸಿನಕಾಯಿಯ ರಾಶಿ, ಬಳೆಯ ಮಲಾರ, ಇವುಗಳ ನಡುವೆ ಉಳಿದ ಹಾದಿಯಲ್ಲಿ ಬಸ್ಸು ಬರಬೇಕು. ಕಂಡಕ್ಟರು ಕೆಳಗಿಳಿದು, ಗಾಡಿಯ ಮುಂದೆ ಕೈಬೀಸುತ್ತ ನಡೆದುಬರುತ್ತಿದ್ದ ಚಿತ್ರ ನನ್ನ ಕಣ್ಣಿನಲ್ಲಿ ಇನ್ನೂ ಇದೆ. ಯಾರೂ ಗೊಣಗುತ್ತಿರಲಿಲ್ಲ. ಬಸ್ಸಿನಲ್ಲಿದ್ದವರೂ ಸಂತೆಗೇ ಬಂದವರಲ್ಲವೆ?

ರಸ್ತೆಯ ವಿಚಾರವನ್ನು ನಾನು ಎರಡನೆಯ ಸಲ ಯೋಚಿಸಬೇಕಾಗಿ ಬಂದುದು ನನ್ನ ಸೋದರಮಾವನಿಂದ. ಅವರು ನಮ್ಮ ಕಡೆಯ ಒಂದು ಪಟ್ಟಣದ ಪೇಟೆಬೀದಿಯಲ್ಲಿ ಮೂವತ್ತೈದು ವರ್ಷಗಳಿಂದ ಬಟ್ಟೆಯಂಗಡಿ ಇಟ್ಟಿದ್ದಾರೆ. ಒಂದು ದಿನ ಯಾರೋ ನಾಲ್ವರು ಬಂದು, ಟೇಪು ಹಿಡಿದು, ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದ ಗೀಟೊಂದನ್ನು ಎಳೆದು ಹೋದರು. ಆ ಗೀಟು ಗಲ್ಲಾಪೆಟ್ಟಿಗೆಯ ಹಿಂದೆ ಬಿದ್ದಿತ್ತು. ಅಂದರೆ ರಸ್ತೆ ಅಗಲವಾದಾಗ ಅಂಗಡಿ ಇರುತ್ತದೆ, ಮಾವ ಕುಳಿತುಕೊಳ್ಳುವ ಜಾಗ ಇರುವುದಿಲ್ಲ. ಆ ಸಂಜೆ ಅವರು ನನಗೆ ಫೋನು ಮಾಡಿ ಕೇಳಿದುದು ಒಂದೇ ಮಾತು: “ಏನಪ್ಪಾ ಮೇಷ್ಟ್ರೇ, ಓದ್ದೋನು ನೀನು. ಜಾಗ ಬುಟ್ಟುಕೊಡೋನು ನಾನು. ಆ ಜಾಗದಾಗೆ ಓಡಾಡೋರು ಯಾರು ಅಂತ ಒಸಿ ಹೇಳು.”

ಕನ್ನಡ ಎಂ.ಎ. ಓದಿದವನು ಇದಕ್ಕೆ ಏನು ಉತ್ತರ ಹೇಳಬಲ್ಲ? ಸುಮ್ಮನಿದ್ದೆ. ಆದರೆ 2023ರ ನವೆಂಬರಿನಲ್ಲಿ ಒಂದು ವಿಚಾರಸಂಕಿರಣಕ್ಕಾಗಿ ಧಾರವಾಡಕ್ಕೆ ಹೋಗುವ ಅವಕಾಶ ಒದಗಿದಾಗ, ಪ್ರಬಂಧದ ಜೊತೆಗೆ ಮಾವನ ಪ್ರಶ್ನೆಯನ್ನೂ ಚೀಲದಲ್ಲಿ ಇಟ್ಟುಕೊಂಡೆನೆನ್ನಬೇಕು. ಏಕೆಂದರೆ ಬೀದಿಯನ್ನು ಅಗಲ ಮಾಡಿ, ಅದರ ನಟ್ಟನಡುವಿನ ಜಾಗವನ್ನು ಬಸ್ಸಿಗೆ ಬಿಟ್ಟುಕೊಟ್ಟಿರುವ ಊರು ನಮ್ಮ ನಾಡಿನಲ್ಲಿ ಇರುವುದು ಅಲ್ಲಿಯೇ.

ಅರಸೀಕೆರೆಯಲ್ಲಿ ರಾತ್ರಿಯ ರೈಲು ಹತ್ತಿದವನು ಬೆಳಗಿನ ಜಾವಕ್ಕೆ ಹುಬ್ಬಳ್ಳಿಯಲ್ಲಿ ಇಳಿದೆ. ಹುಬ್ಬಳ್ಳಿಯ ಪ್ಲಾಟ್‌ಫಾರಂ 1507 ಮೀಟರ್ ಉದ್ದ, ಜಗತ್ತಿನಲ್ಲಿಯೇ ಅತ್ಯಂತ ಉದ್ದದ್ದೆಂದು ಆ ವರ್ಷದ ಮಾರ್ಚಿಯಲ್ಲಿ ಉದ್ಘಾಟನೆಯಾಗಿತ್ತು. ಹೆಗಲಿಗೆ ಪುಸ್ತಕದ ಚೀಲವಿದ್ದ ನನಗೆ ಅದರ ಕೀರ್ತಿಗಿಂತ ಉದ್ದವೇ ಹೆಚ್ಚು ತಿಳಿಯಿತು. ಹೊರಗೆ ಬಂದು ಚಹಾ ಕುಡಿದು, “ಧಾರವಾಡಕ್ಕೆ ಹೇಗೆ ಹೋಗಬೇಕು?” ಎಂದು ಚಹಾದವನನ್ನು ಕೇಳಿದರೆ, “ಚಿಗರಿ ಹತ್ರೀ” ಎಂದ. ಒಂದು ಗಳಿಗೆ ಗಲಿಬಿಲಿಯಾಯಿತು. ನಾವು ಜಿಂಕೆಯೆನ್ನುವಲ್ಲಿ ಅವರು ಚಿಗರಿಯೆನ್ನುತ್ತಾರೆ. ಹಳಗನ್ನಡ ಪಾಠ ಮಾಡುವ ನಮಗೆ ಈ ಬಗೆಯ ಮಾತು ಬಸ್ಸಿನ ಹೆಸರಾಗಿ ಎದುರಿಗೆ ಬಂದರೆ ಸಂತೋಷವಾಗದೆ ಇರದು. ಸರ್ಕಾರದ ಯೋಜನೆಗಳಿಗೆ ಬಾಯಿ ತಿರುಗದ ಹೆಸರುಗಳನ್ನಿಡುವ ಈ ಕಾಲದಲ್ಲಿ ಇದೊಂದು ಸಣ್ಣ ಪುಣ್ಯ.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರು. 1962ರಲ್ಲಿ ಎರಡಕ್ಕೂ ಸೇರಿ ಒಂದೇ ಮಹಾನಗರಪಾಲಿಕೆಯಾಯಿತು. ಒಂದು ಗಿರಣಿ, ರೈಲ್ವೆ, ಕಾಳುಕಡಿಗಳ ಊರು. ಇನ್ನೊಂದು ಕಾಲೇಜು, ಕಚೇರಿ, ಕವಿಗಳ ಊರು. ಒಂದರಲ್ಲಿ ದುಡಿದು ಇನ್ನೊಂದರಲ್ಲಿ ಮಲಗುವವರು, ಒಂದರಲ್ಲಿ ಓದಿ ಇನ್ನೊಂದರಲ್ಲಿ ಉಣ್ಣುವವರು ಸಾವಿರಗಟ್ಟಲೆ. ಇವರೆಲ್ಲರನ್ನೂ ಹೊತ್ತಿದ್ದುದು ಪುಣೆ-ಬೆಂಗಳೂರು ಹೆದ್ದಾರಿಯ ಹಳೆಯ ದಾರಿಯೊಂದೇ. ಆ ದಾರಿಯಲ್ಲಿ ‘ಬೇಂದ್ರೆ ನಗರ ಸಾರಿಗೆ’ಯೆಂಬ ಖಾಸಗಿ ಬಸ್ಸುಗಳೂ ಓಡುತ್ತಿದ್ದವು. ಕವಿಯ ಹೆಸರಿನ ಬಸ್ಸಿಗೆ ಕೈಯೊಡ್ಡಿ ನಿಲ್ಲುವ ಭಾಗ್ಯ ಇನ್ನಾವ ಊರಿನವರಿಗಿದೆಯೋ ನಾನರಿಯೆ.

ಈ ದಾರಿಯನ್ನು ಹೊಸದಾಗಿ ಹಂಚುವ ಯೋಜನೆಗೆ ಕೇಂದ್ರ, ರಾಜ್ಯ ಸರ್ಕಾರಗಳ ಜೊತೆಗೆ ವಿಶ್ವಬ್ಯಾಂಕಿನ ನೆರವೂ ದೊರೆಯಿತು. 2018ರ ಅಕ್ಟೋಬರಿನಲ್ಲಿ ಬಸ್ಸುಗಳು ಪ್ರಾಯೋಗಿಕವಾಗಿ ಓಡತೊಡಗಿದವು. 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತ ಉದ್ಘಾಟನೆಯಾಯಿತು. ಹಂಚಿಕೆಯ ರೀತಿ ಹೀಗಿದೆ: ಬಹುಪಾಲು ಕಡೆ ರಸ್ತೆಯ ಅಗಲ 44 ಮೀಟರು, ಜಾಗ ಸಾಲದೆಡೆಯಲ್ಲಿ 35. ಅಂಚಿನಲ್ಲಿ ಕಾಲುದಾರಿ, ಅದರ ಪಕ್ಕದಲ್ಲಿ ಕಾರು, ಲಾರಿ, ದ್ವಿಚಕ್ರಗಳಿಗೆಂದು ಹಾದಿ, ನಟ್ಟನಡುವೆ ಬೇಲಿಯೊಳಗೆ ಬಸ್ಸಿಗಷ್ಟೇ ಮೀಸಲಾದ ಪಥ. ಜಾಗವಿರುವಲ್ಲಿ ಆ ಪಥವೂ ಹೋಗುವುದಕ್ಕೆ ಎರಡು ಸಾಲು, ಬರುವುದಕ್ಕೆ ಎರಡು ಸಾಲು. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಬಸ್ಸನ್ನು ವೇಗದ ಬಸ್ಸು ಹಿಂದೆ ಹಾಕಿ ಹೋಗಲೆಂದು ಈ ಏರ್ಪಾಡು. ನಿಲ್ದಾಣಗಳೂ ರಸ್ತೆಯ ನಡುವೆಯೇ.

ನಾನು ನಿಲ್ದಾಣದಲ್ಲಿಯೇ ಟಿಕೆಟು ಕೊಂಡು, ಗೇಟು ದಾಟಿ ಒಳಗೆ ನಿಂತೆ. ಬಸ್ಸು ಬಂದಿತು, ಬಾಗಿಲು ತೆರೆಯಿತು. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ, ಹತ್ತಬೇಕಾದ ಮೆಟ್ಟಿಲಿಲ್ಲ. ನನ್ನ ಮುಂದಿದ್ದ ಮುದುಕಿಯೊಬ್ಬಳು ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಮೊಮ್ಮಗುವಿನ ಕೈ ಹಿಡಿದುಕೊಂಡು ಮನೆಯ ನಡುಮನೆಯಿಂದ ಪಡಸಾಲೆಗೆ ಬಂದಂತೆ ಒಳಗೆ ಹೋದಳು. ನಮ್ಮ ಕಡೆಯ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರವೆಂಬುದನ್ನು ಬಲ್ಲ ಓದುಗರಿಗೆ ನಾನು ಇದನ್ನು ಏಕೆ ಬರೆಯುತ್ತಿದ್ದೇನೆಂದು ತಿಳಿಯದೆ ಇರದು. ನನ್ನ ತಾಯಿಗೆ ಮಂಡಿನೋವು ಬಂದ ಮೇಲೆ ಅವರು ಬಸ್ಸು ಹತ್ತುವುದನ್ನು ಬಿಟ್ಟರು. ಬಸ್ಸು ಬಿಟ್ಟ ಮೇಲೆ ನೆಂಟರ ಮನೆಗಳನ್ನೂ ಬಿಟ್ಟರು.

ಹೊಸೂರು ದಾಟುತ್ತಲೂ ಬಸ್ಸು ತನ್ನ ಪಥಕ್ಕೆ ಸೇರಿ ನಿಜವಾಗಿಯೂ ಚಿಗರಿಯಾಯಿತು. ವಿದ್ಯಾನಗರ ಕಳೆಯಿತು. ಉಣಕಲ್ಲಿನ ಕೆರೆ ಒಂದು ಕ್ಷಣ ಹೊಳೆದು ಮರೆಯಾಯಿತು. ಆ ಊರಿನೊಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರನ ಗುಡಿ ಇದೆ, ಬರುವಾಗ ನೋಡಬೇಕೆಂದುಕೊಂಡೆ. ಕಿಟಕಿಯಾಚೆ ಕಾರುಗಳು ಒಂದರ ಬಾಲಕ್ಕೊಂದು ಮೂತಿಯಿಟ್ಟು ನಿಂತಿದ್ದವು. ಒಂದೊಂದು ಕಾರಿನಲ್ಲಿಯೂ ಒಬ್ಬೊಬ್ಬರೇ. ನಾವೋ ಬಸ್ಸಿನಲ್ಲಿ ಎಪ್ಪತ್ತಕ್ಕೆ ಕಡಿಮೆಯಿರಲಿಲ್ಲ. ಅರವತ್ತು ಎಪ್ಪತ್ತು ಜನ ಒಂದೊಂದು ಕಾರಿನಲ್ಲಿ ಬಂದರೆ ಕಾರುಗಳ ಸಾಲು ಎಲ್ಲಿಂದೆಲ್ಲಿಗೆ ಹೋದೀತು! ಈ ಲೆಕ್ಕವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದುದು ಬ್ರೆಜಿಲ್ ದೇಶದ ಕುರಿಟಿಬಾ ನಗರ, 1974ರಲ್ಲಿ. ಸುರಂಗ ಕೊರೆಯಲು ಹಣವಿಲ್ಲದ ಊರು ರಸ್ತೆಯ ನಡುವಿನ ಜಾಗವನ್ನು ಬಸ್ಸಿಗೆ ಬಿಟ್ಟುಕೊಟ್ಟಿತು. 2000ದಲ್ಲಿ ಕೊಲಂಬಿಯದ ಬೊಗೊಟಾ, 2009ರಲ್ಲಿ ನಮ್ಮ ಅಹಮದಾಬಾದು ಅದೇ ಹಾದಿ ಹಿಡಿದವು. ದಿಲ್ಲಿಯಲ್ಲಿ 2008ರಲ್ಲಿ ಮಾಡಿದ ಬಸ್ಸಿನ ಪಥವನ್ನು ಕಾರಿನವರ ಕೂಗಿಗೆ ಸೋತು 2016ರಲ್ಲಿ ಕಿತ್ತುಹಾಕಿದರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸಿಗೆಂದು ಗೂಟ ನೆಟ್ಟು ಮಾಡಿದ ಹಾದಿ ಮೆಟ್ರೋ ಕಾಮಗಾರಿ ಬಂದ ಮೇಲೆ ಉಳಿಯಲಿಲ್ಲ. ಬಸ್ಸಿಗೆ ಹಾದಿ ಮಾಡುವುದು ಎಂಜಿನಿಯರರ ಕೆಲಸ. ಮಾಡಿದುದನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸವೆಂದು ಕಾಣುತ್ತದೆ.

ಇಷ್ಟು ಹೊತ್ತೂ ನಾನು ಬಸ್ಸಿನೊಳಗಿನಿಂದ ನೋಡುತ್ತಿದ್ದೆ. ಮಾವನ ಪ್ರಶ್ನೆ ಬಸ್ಸಿನೊಳಗಿನದಲ್ಲ, ರಸ್ತೆಯ ಬದಿಯದು. ಆದುದರಿಂದ ಮರುದಿನ ಸಂಕಿರಣದ ಮಧ್ಯಾಹ್ನದ ಗೋಷ್ಠಿಯನ್ನು ತಪ್ಪಿಸಿ (ವಿದ್ಯಾರ್ಥಿಗಳು ಇದನ್ನು ಓದಬಾರದು) ನಡುದಾರಿಯಲ್ಲಿ ಇಳಿದು ನಡೆದೆ.

ಇಳಿದುದು ನವಲೂರಿನಲ್ಲಿ. ನವಲೂರೆಂದರೆ ಪೇರಲಹಣ್ಣು, ನಮ್ಮ ಸೀಬೆಹಣ್ಣು. ರಸ್ತೆ ಬದಿಯಲ್ಲಿ ಬುಟ್ಟಿಯಿಟ್ಟುಕೊಂಡು ಕುಳಿತಿದ್ದ ಹೆಂಗಸಿನಿಂದ ಎರಡು ಹಣ್ಣು ಕೊಂಡು, “ವ್ಯಾಪಾರ ಹೇಗಿದೆಯಮ್ಮ?” ಎಂದೆ. “ಮೊದಲ ಬಸ್ಸಿನ ಕಿಡಕ್ಯಾಗಿಂದನ ಕೈ ಚಾಚಿ ತಗೋತಿದ್ರು. ಈಗ ಬಸ್ಸು ನಡಕ ಹೋಗತೈತಿ, ಕಿಡಕಿ ತೆರಿಯಂಗಿಲ್ಲ. ಇನ್ನೇನ್ ಹೇಳ್ಲಿ ನಿಮಗ?” ಎಂದು ನಕ್ಕಳು. ನಗುವಿನಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಉಪ್ಪು ಖಾರ ಹಚ್ಚಿದ ಹಣ್ಣನ್ನು ತಿನ್ನುತ್ತ ಧಾರವಾಡದ ದಿಕ್ಕಿಗೆ ಹೊರಟೆ.

ವಿದ್ಯಾಗಿರಿಯ ಕಡೆ ಸ್ಟೇಷನರಿ ಅಂಗಡಿಯ ಯಜಮಾನರೊಬ್ಬರು ಕುರ್ಚಿ ಹಾಕಿ ಕೂರಿಸಿದರು. ನಾನು ಮಂಡ್ಯ ಕಡೆಯವನೆಂದು ಕೇಳಿ, ಕಬ್ಬಿನ ಮಾತು ತೆಗೆದು, ಆಮೇಲೆ ರಸ್ತೆಯ ಮಾತಿಗೆ ಬಂದರು. “ಬಸ್ಸು ಚಲೋ ಅದಾವ್ರೀ, ಸುಳ್ಳು ಯಾಕ ಹೇಳ್ಲಿ. ನನ್ನ ಮಗಳು ದಿನಾ ಅದರಾಗ ಹುಬ್ಬಳ್ಳಿಗೆ ಹೋಗಿ ಬರ್ತಾಳ, ನನಗ ಚಿಂತಿಲ್ಲ. ಆದ್ರ ಎದುರಿನ ಓಣ್ಯಾಗ ಇರೋ ಗಿರಾಕಿ ಈ ಕಡಿಗಿ ಬರೂದಂದ್ರ ಒಂದು ಯಾತ್ರಾ ಆಗೇದ್ರಿ.” ಬೇಲಿ ನಡುವೆ ಬಂದುದರಿಂದ ಎದುರುಬದುರು ಮನೆಗಳವರು ಎರಡು ಊರಿನವರಾದರೆಂಬುದು ಅವರ ದೂರು. ದಾಟುವ ಜಾಗಕ್ಕೆ ನಾನೇ ನಡೆದು ನೋಡಿದೆ. ಹಸಿರು ದೀಪಕ್ಕೆ ಕಾದು, ನುಗ್ಗಿ ಬರುವ ಮೋಟಾರುಸೈಕಲ್ಲುಗಳಿಗೆ ಅಂಜಿ, ನಡುವಿನ ನಿಲ್ದಾಣ ಸೇರುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮೆಟ್ಟಿಲಿಲ್ಲದ ಬಸ್ಸಿಗೆ ನನ್ನ ತಾಯಿ ಹತ್ತಬಲ್ಲರು. ಅದರವರೆಗೆ ಅವರನ್ನು ಯಾರು ತಲುಪಿಸಬೇಕು?

ಮಳೆ ಬಂದರೆ ಟೋಲ್‌ನಾಕಾದ ಬಳಿ ರಸ್ತೆ ಕೆರೆಯಾಗುತ್ತದೆಂಬುದು ಧಾರವಾಡದಲ್ಲಿ ಎಲ್ಲರ ಬಾಯಲ್ಲಿಯೂ ಇತ್ತು. ರಸ್ತೆಯನ್ನು ಅಗಲ ಮಾಡಿದವರು ನೀರಿನ ಹಳೆಯ ಹಾದಿಯನ್ನು ಕೇಳಿಕೊಳ್ಳಲಿಲ್ಲವೆಂದು ಅವರ ಆಕ್ಷೇಪ. ಮರಗಳ ಮಾತು ಬಂದರೆ ಹಿರಿಯರ ದನಿ ತಗ್ಗುತ್ತದೆ. ಎರಡೂ ಬದಿಯಲ್ಲಿ ಹರಡಿದ್ದ ಹಳೆಯ ಮರಗಳು ಈ ಅಗಲಕ್ಕೆ ಬಲಿಯಾದವು. ಕೆಲವನ್ನು ಬೇರುಸಹಿತ ಕಿತ್ತು ಬೇರೆಡೆ ನೆಟ್ಟರಂತೆ. ಆದರೆ ನೆರಳನ್ನು ಹಾಗೆ ಕಿತ್ತು ನೆಡಲು ಬರುವುದಿಲ್ಲ. ಭೈರಿದೇವರಕೊಪ್ಪದಲ್ಲಿ ರಸ್ತೆಗೆ ಅಡ್ಡವಾಗಿದ್ದ ದರ್ಗಾ, ಮಾತುಕತೆ ಕೋರ್ಟುಗಳೆಲ್ಲ ಮುಗಿದು, 2022ರ ಡಿಸೆಂಬರಿನಲ್ಲಿ ತೆರವಾಯಿತು. ಬಸ್ಸು ಓಡತೊಡಗಿ ನಾಲ್ಕು ವರ್ಷಗಳ ಮೇಲೆ ಇದು ನಡೆದುದೆಂದರೆ, ನಕ್ಷೆಯ ಮೇಲೆ ಒಂದು ನಿಮಿಷದಲ್ಲಿ ಎಳೆಯುವ ಗೀಟು ನೆಲದ ಮೇಲೆ ಬೀಳಲು ಎಷ್ಟು ಕಾಲ ಬೇಕೆಂಬುದನ್ನು ಊಹಿಸಬಹುದು.

ಇನ್ನೊಂದನ್ನೂ ಹೇಳಿಬಿಡಬೇಕು. ಎರಡೂ ಊರುಗಳ ಪೇಟೆಯೊಳಗೆ ಬಂದ ಮೇಲೆ ಚಿಗರಿಗೆ ಬೇಲಿಯಿಲ್ಲ. ಅದು ಉಳಿದ ಗಾಡಿಗಳ ನಡುವೆ ಸಿಕ್ಕಿಕೊಂಡು ಎಮ್ಮೆಯಂತೆ ನಡೆಯುತ್ತದೆ. ಜಾಗ ಅತ್ಯಂತ ಇಕ್ಕಟ್ಟಾದ ಕಡೆಯೇ ಬಸ್ಸಿಗೆ ಹಾದಿ ಅತ್ಯಂತ ಅಗತ್ಯ, ಸಿಗದಿರುವುದೂ ಅಲ್ಲಿಯೇ. ಆ ಸಂಜೆ ಜುಬಿಲಿ ವೃತ್ತದ ಬಳಿ ಬಸ್ಸಿನಲ್ಲಿ ನಿಂತಲ್ಲೇ ನಿಂತು, 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದ ಕಡೆಗೆ ನಡೆದೇ ಹೋಗಿದ್ದರೆ ಇಷ್ಟು ಹೊತ್ತಿಗೆ ತಲುಪಿ ಚಹಾ ಕುಡಿಯಬಹುದಿತ್ತೆಂದು ಲೆಕ್ಕ ಹಾಕಿದೆ. ಬಸ್ಸುಗಳು ಹಳೆಯದಾಗಿ ಕೆಟ್ಟು ನಿಲ್ಲುವುದೂ ಆಗಲೇ ಶುರುವಾಗಿತ್ತು. ನಡುವಿನ ಹಾದಿಯನ್ನು ಎಲ್ಲ ವಾಹನಗಳಿಗೂ ತೆರೆದುಬಿಡಿ ಎಂಬ ಕೂಗೂ ಕೇಳುತ್ತಿತ್ತು. ಆ ಕೂಗನ್ನು ನಾನು ಒಪ್ಪಲಾರೆ. ಬಸ್ಸು ಕೆಟ್ಟರೆ ಬಸ್ಸನ್ನು ರಿಪೇರಿ ಮಾಡಬೇಕು. ಹಾದಿಯನ್ನು ಒಮ್ಮೆ ಬಿಟ್ಟುಕೊಟ್ಟರೆ, ಬುಟ್ಟಿ ಹಿಡಿದ ಆ ಮುದುಕಿ ಅದನ್ನು ಹಿಂದಕ್ಕೆ ಪಡೆಯಲು ಯಾರ ಕಚೇರಿಗೆ ಹೋಗಬೇಕು?

ಊರಿಗೆ ಬಂದವನು ಪೇಡೆಯ ಪೊಟ್ಟಣ ಹಿಡಿದು ನೇರವಾಗಿ ಮಾವನ ಅಂಗಡಿಗೆ ಹೋದೆ. ಕಂಡುದನ್ನೆಲ್ಲ ಹೇಳಿದೆ: ಮುದುಕಿ, ಪೇರಲದ ಹೆಂಗಸು, ಸ್ಟೇಷನರಿಯ ಯಜಮಾನರು, ಮರ, ಮಳೆ. ಅವರು ಬಟ್ಟೆ ಮಡಿಸುತ್ತ ಕೇಳುತ್ತಿದ್ದರು. ಕೊನೆಗೆ, “ಅಲ್ಲಿ ಬಸ್ಸಿಗಾದ್ರೂ ಅಂತ ತಗೊಂಡ್ರು. ಇಲ್ಲಿ ಯಾತಕ್ಕೆ ತಗೋತಾವ್ರೆ?” ಎಂದರು. ಪೇಟೆಬೀದಿಯ ನಕ್ಷೆಯ ನೆರಳಚ್ಚೊಂದನ್ನು ಅವರು ಹೇಗೋ ಸಂಪಾದಿಸಿದ್ದರು. ಇಬ್ಬರೂ ಅದನ್ನು ಗಲ್ಲಾದ ಮೇಲೆ ಹರಡಿ ನೋಡಿದೆವು. ನಡುವೆ ವಿಭಜಕವಿತ್ತು, ವಿದ್ಯುದ್ದೀಪದ ಕಂಬಗಳಿದ್ದವು, ಅಂಚಿನಲ್ಲಿ ಕಾರು ನಿಲ್ಲಿಸಲು ಜಾಗವಿತ್ತು. ಬಸ್ಸು ನಿಲ್ಲುವ ಜಾಗ ಎಲ್ಲಿಯೂ ಬರೆದಿರಲಿಲ್ಲ. ಬಸ್ಸು ಎಂಬ ಅಕ್ಷರಗಳೇ ಇರಲಿಲ್ಲ.

“ಆಕ್ಷೇಪಣೆ ಬರಕೊಡೋಕೆ ಇನ್ನೂ ಎಂಟು ದಿನ ಐತೆ. ನೀನೇ ಬರಿ” ಎಂದರು ಮಾವ. “ಜಾಗ ಕೊಡಾಕಿಲ್ಲ ಅಂತ ಬರೀಬೇಡ. ಕೊಡ್ತೀನಿ, ಬಸ್ಸಿಗೆ ಜಾಗ ಬುಡಿ ಅಂತ ಬರಿ. ಅದ್ಕೆ ಮುಂಚೆ ಅಳತೆ ಸರಿಯಾಗೈತಾ ನೋಡಾಣ, ಬಾ.” ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು ಅವರು ಅಂಗಡಿಯ ಗೋಡೆಗೆ ಒತ್ತಿ ನಿಂತರು. ನಾನು ಬೀದಿಯ ಆಚೆ ಬದಿಗೆ ಹೊರಟೆ. ನಡುವಿಗೆ ಬರುವಷ್ಟರಲ್ಲಿ ನಮ್ಮೂರಿನ ಕಡೆಗೆ ಹೋಗುವ ಬಸ್ಸು ಹಾರನ್ನು ಹೊಡೆಯುತ್ತ ಬಂದು ನಿಂತಿತು. ಟೇಪನ್ನು ನೆಲಕ್ಕೆ ಬಿಟ್ಟು ಪಕ್ಕಕ್ಕೆ ಸರಿದೆ. ಅದು ಮೆಲ್ಲನೆ ಅದರ ಮೇಲೆ ಹಾದುಹೋಯಿತು. ಆಮೇಲೆ ಟೇಪನ್ನು ಎತ್ತಿಕೊಂಡು, ಧೂಳು ಒರೆಸಿ, ಎದುರಿನ ಗೋಡೆಗೆ ಮುಟ್ಟಿಸಿ, ಎಷ್ಟಾಯಿತೆಂದು ಕೂಗಿ ಕೇಳಿದೆ.